ಗ್ರೀನ್ ಕಾರ್ಡ್, ಪಹಣಿ, ಸೋನಾ ಮಸೂರಿ

2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಸುದ್ದಿ ಮುಟ್ಟಿದ್ದೇ ತಡ, ಅಮೆರಿಕದ ಭಾರತೀಯ ಕಿರಾಣಿ ಅಂಗಡಿಗಳ ಮುಂದೆ ಸಾಲು ಹತ್ತಿತು. ತಳ್ಳುಗಾಡಿಯಲ್ಲಿ ಚೀಲದ ಮೇಲೆ ಚೀಲ ಹೇರಿಕೊಂಡು ಹೊರಬರುವ ಎಂಜಿನಿಯರುಗಳ ವಿಡಿಯೊಗಳು ಇಲ್ಲಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿ ನಗೆಪಾಟಲಾದವು. ಮನೆಗೊಂದೇ ಚೀಲ ಎಂದು ಕೆಲವು ಅಂಗಡಿಯವರು ಬೋರ್ಡು ಹಾಕಬೇಕಾಯಿತು. ಪಕ್ಕದ ಕಪಾಟಿನಲ್ಲಿ ಥಾಯ್ಲೆಂಡಿನ ಅಕ್ಕಿ ಇತ್ತು, ಅಮೆರಿಕದಲ್ಲೇ ಬೆಳೆದ ಅಕ್ಕಿಯೂ ಇತ್ತು. ದಕ್ಷಿಣ ಭಾರತದವರು ಮುಗಿಬಿದ್ದದ್ದು ಮಾತ್ರ ಸೋನಾ ಮಸೂರಿಗೆ.

ಆ ಚೀಲದ ಅಕ್ಕಿ ಯಾವ ಹೊಲದ್ದೆಂದು ಚೀಲ ನೋಡಿ ಹೇಳಲಾಗದು. ಆದರೆ ಕರ್ನಾಟಕದ ಮಟ್ಟಿಗೆ ಸೋನಾ ಮಸೂರಿ ಎಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ: ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಕಾಲುವೆಯ ಬಾಲದಲ್ಲಿ ರಾಯಚೂರು. ಇಲ್ಲಿ ಭತ್ತದ ಬೇಸಾಯ ಊರಿಸಿದವರಲ್ಲಿ ದೊಡ್ಡ ಪಾಲು ಕೃಷ್ಣಾ, ಗುಂಟೂರು, ಗೋದಾವರಿ ಜಿಲ್ಲೆಗಳಿಂದ ಬಂದು ಕ್ಯಾಂಪು ಕಟ್ಟಿಕೊಂಡ ತೆಲುಗು ಕುಟುಂಬಗಳದ್ದು. ಒಂದು ಬಗೆಯ ವಲಸಿಗರು ಬೆಳೆದ ತಳಿಗೆ ಇನ್ನೊಂದು ಬಗೆಯ ವಲಸಿಗರು ಕಾದಾಡಿದರು. ಭಾರತೀಯ-ಅಮೆರಿಕನ್ನರ ಸಣ್ಣಕಥೆಗಳನ್ನು ಕೂತು ಓದಲು ರಾಯಚೂರು ಜಿಲ್ಲೆ ಪ್ರಶಸ್ತವಾದ ಜಾಗ ಎನ್ನಲು ಇಷ್ಟು ಪೀಠಿಕೆ ಸಾಕು.

ಈ ಬಗೆಯ ಕಥೆಗಳನ್ನು ಓದುವುದಕ್ಕೆ ನಮ್ಮಲ್ಲಿ ಒಂದು ರೂಢಿ ಬಿದ್ದುಹೋಗಿದೆ. 'ಅನಿವಾಸಿ ಕಥೆ' ಎಂದೊಡನೆ ಓದುಗರ ಕಣ್ಣ ಮುಂದೆ ಬರುವುದು ದೀಪಾವಳಿಯ ದಿನ ಬೀಳುವ ಹಿಮ, ಊರಲ್ಲಿ ಒಂಟಿಯಾದ ತಾಯಿ, ಬಿಳಿಯ ಹುಡುಗನ ಕೈಹಿಡಿದ ಮಗಳು, ಅಜ್ಜಿಯ ಫೋನಿಗೆ ಇಂಗ್ಲಿಷಿನಲ್ಲಿ ಉತ್ತರಿಸುವ ಮೊಮ್ಮಗ. ಸಂಪಾದಕರೂ ಇದನ್ನೇ ಕೇಳುತ್ತಾರೆ, ಬರೆಯುವವರೂ ಇದನ್ನೇ ಕೊಡುತ್ತಾರೆ. ಸಂಸ್ಕೃತಿ ಎನ್ನುವುದು ಇಲ್ಲಿ ಸೂಟ್‌ಕೇಸಿನಲ್ಲಿ ಒಯ್ದ ಸಾಮಾನು. ಎಷ್ಟು ಉಳಿಯಿತು, ಎಷ್ಟು ಕಳೆಯಿತು ಎಂಬ ಲೆಕ್ಕದಲ್ಲೇ ಕಥೆ ಮುಗಿಯುತ್ತದೆ. ಒಳ್ಳೆಯ ಕಥೆಗಳ ಕುತೂಹಲ ಬೇರೆ. ಇಲ್ಲಿ ಕೂರು ಎಂದು ಹೇಳುವವರು ಯಾರು, ಏಳು ಎಂದು ಹೇಳುವ ಅಧಿಕಾರ ಯಾರದು, ಅದಕ್ಕೆ ಯಾವ ಕಾಗದ ತೋರಿಸಬೇಕು ಎಂದು ಅವು ವಿಚಾರಿಸುತ್ತವೆ. ದೇವದುರ್ಗ, ಮಾನ್ವಿಗಳ ಓದುಗರಿಗೆ ಈ ಪ್ರಶ್ನೆಗಳು ಹೊಸವಲ್ಲ.

ಭಾರತೀಯ-ಅಮೆರಿಕನ್ ಕಥೆಗಾರ್ತಿ ಝುಂಪಾ ಲಾಹಿರಿಯ ಸಂಕಲನ 'ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್' 1999ರಲ್ಲಿ ಹೊರಬಂದು ಮರುವರ್ಷವೇ ಪುಲಿಟ್ಜರ್ ಪಡೆಯಿತು. ಅದರಲ್ಲಿರುವುದು ಒಂಬತ್ತು ಕಥೆ. 'ಮಿಸೆಸ್ ಸೇನ್ಸ್' ಕಥೆಯ ಹೆಂಗಸು ನೆಲಕ್ಕೆ ಪತ್ರಿಕೆ ಹಾಸಿ, ನಮ್ಮ ಈಳಿಗೆಯಂಥ ಬಾಗಿದ ಅಲಗಿನ ಮುಂದೆ ಕೂತು ತರಕಾರಿ ಹೆಚ್ಚುತ್ತಾಳೆ. ತಾಜಾ ಮೀನಿಗಾಗಿ ಹಂಬಲಿಸುತ್ತಾಳೆ. ಕಾರು ಓಡಿಸಲು ಬಾರದೆ ಮೀನಿನಂಗಡಿಗೆ ಹೋಗುವಂತಿಲ್ಲ. ಈಳಿಗೆಯನ್ನು ಕಂಡು ಕರುಳು ಚುರುಕ್ ಎನ್ನಿಸಿಕೊಳ್ಳುವುದು ಸುಲಭ. ಲಾಹಿರಿ ಕಥೆಯನ್ನು ತಂದು ನಿಲ್ಲಿಸುವುದು ಮಾತ್ರ ಡ್ರೈವಿಂಗ್ ಲೈಸೆನ್ಸಿನ ಬಳಿ. ಆ ದೇಶದಲ್ಲಿ ಸ್ಟೀರಿಂಗ್ ಹಿಡಿಯಲಾಗದವಳಿಗೆ ಮನೆಯೇ ಗಡಿ.

ಸಂಕಲನದ ಕೊನೆಯ ಕಥೆ ಇನ್ನೂ ಗಟ್ಟಿ. 1969ರಲ್ಲಿ ಬಾಸ್ಟನ್ನಿಗೆ ಬಂದಿಳಿದ ಬಂಗಾಳಿ ಯುವಕನೊಬ್ಬ ಎಂಐಟಿ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿ, ವಾರಕ್ಕೆ ಎಂಟು ಡಾಲರಿಗೆ ನೂರಮೂರು ವರ್ಷದ ಮುದುಕಿಯೊಬ್ಬಳ ಮನೆಯಲ್ಲಿ ಕೋಣೆ ಹಿಡಿಯುತ್ತಾನೆ. ಚಂದ್ರನ ಮೇಲೆ ಅಮೆರಿಕದ ಬಾವುಟ ನೆಟ್ಟ ಸುದ್ದಿಯನ್ನು ಆಕೆ ದಿನವೂ ಹೇಳುತ್ತಾಳೆ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಇವನು ದಿನವೂ ಅಬ್ಬಾ ಎನ್ನಬೇಕು. ಮುಂದೆ ಇವನ ಹೆಂಡತಿ ಸೀರೆಯುಟ್ಟು, ಹಣೆಗೆ ಕುಂಕುಮವಿಟ್ಟು ಅವಳ ಮುಂದೆ ನಿಲ್ಲುತ್ತಾಳೆ. ಮುದುಕಿ ಅಡಿಯಿಂದ ಮುಡಿವರೆಗೆ ನೋಡಿ ಮೆಚ್ಚುತ್ತಾಳೆ. ಮದುವೆಯಾಗಿಯೂ ಅಪರಿಚಿತರಂತಿದ್ದ ಗಂಡ ಹೆಂಡತಿ ಮೊದಲ ಸಲ ಒಬ್ಬರನ್ನೊಬ್ಬರು ನೋಡಿ ನಗುವುದು ಆಗಲೇ. ಸಂಸ್ಕೃತಿ ಉಳಿಸಿದ್ದಕ್ಕೆ ಅಥವಾ ಬಿಟ್ಟುಕೊಟ್ಟದ್ದಕ್ಕೆ ಸಿಕ್ಕ ಬಹುಮಾನ ಅದಲ್ಲ. ಮನೆಯೊಡತಿಯೊಬ್ಬಳು ಹೂಂ ಎಂದಳು, ಅಷ್ಟೆ. ಆ ಹೂಂ ಯಾರ ಪಾಲಿಗೆ ಸಿಗುತ್ತದೆ, ಯಾರ ಪಾಲಿಗೆ ಸಿಗುವುದಿಲ್ಲ ಎಂಬುದೇ ಈ ಸಾಹಿತ್ಯದ ತಿರುಳು.

ಅದಕ್ಕೂ ಮುಂಚೆ ಸರ್ಕಾರ ಹೂಂ ಅನ್ನಬೇಕು. ಭಾರತೀಯ ಮೂಲದ ಭಗತ್ ಸಿಂಗ್ ಥಿಂಡ್ ಬಿಳಿಯನಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹನಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪು ಕೊಟ್ಟಿತ್ತು. ಬಾಗಿಲು ಸರಿಯಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ. ಅದು ಕರೆದದ್ದು ಓದಿದವರನ್ನು: ವೈದ್ಯರು, ಎಂಜಿನಿಯರುಗಳು, ವಿಜ್ಞಾನಿಗಳು. ಲಾಹಿರಿಯ ವಲಸಿಗ ಪಾತ್ರಗಳಲ್ಲಿ ಹೆಚ್ಚಿನವರು ಹೀಗೆ ಜರಡಿ ಹಿಡಿದು ಬಂದವರು. ಭಾರತಿ ಮುಖರ್ಜಿಯ 'ದಿ ಮಿಡ್ಲ್‌ಮ್ಯಾನ್ ಆ್ಯಂಡ್ ಅದರ್ ಸ್ಟೋರೀಸ್' (1988), ಚಿತ್ರಾ ಬ್ಯಾನರ್ಜಿ ದಿವಾಕರುಣಿಯ 'ಅರೇಂಜ್ಡ್ ಮ್ಯಾರೇಜ್' (1995) ಸಂಕಲನಗಳ ಭಾರತೀಯರಲ್ಲೂ ಹೆಚ್ಚಿನವರು ಇದೇ ಜರಡಿಯ ಜನ. ರಾಯಚೂರಿನವರು ಆ ಮೊದಲ ಸಾಲಿನಲ್ಲಿ ನಿಲ್ಲುವುದು ಕಷ್ಟವಿತ್ತು. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆ, ಉರ್ದುವಿನಲ್ಲಿ ಓದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರ್ಪಡೆ; 2011ರ ಜನಗಣತಿಯಲ್ಲೂ ಜಿಲ್ಲೆಯ ಸಾಕ್ಷರತೆ ಶೇ 59.56. ಅಮೆರಿಕದಲ್ಲಿ ಮೈಸೂರು, ಬೆಂಗಳೂರು, ಮಲೆನಾಡಿನ ಕನ್ನಡ ಮೊದಲು ಕೇಳಿಸಿದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಆದರೆ ರಾಯಚೂರು ದೋಆಬಿನ ನೆಲ ಆ ದೇಶವನ್ನು ಬೇರೊಂದು ದಾರಿಯಲ್ಲಿ ಮುಟ್ಟಿದೆ. ವಿಜಯದಾಸರ ಚೀಕಲಪರವಿ ಮಾನ್ವಿ ಸೀಮೆಯದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರು ಮಾನ್ವಿಯವರೆಂದೇ ಹೆಸರಾದವರು. ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಪುತ್ತಿಗೆ ಮಠದ ಕೃಷ್ಣ ವೃಂದಾವನವಿದೆ. ಅಂಥ ಕಡೆ ಹಾಡುವ ದಾಸರ ಪದಗಳಲ್ಲಿ ಈ ಮೂರು ಊರುಗಳ ಪಾಲಿದೆ. ಹಾಡುವ ಎಲ್ಲರಿಗೂ ಚೀಕಲಪರವಿ ನಕ್ಷೆಯಲ್ಲಿ ಎಲ್ಲಿದೆ ಎಂದು ಗೊತ್ತಿರಬೇಕಿಲ್ಲ ಬಿಡಿ.

ಕನ್ನಡವೇನೂ ಲಾಹಿರಿ ಬರೆಯಲಿ ಎಂದು ಕಾದು ಕೂತಿರಲಿಲ್ಲ. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸಿ, 1962ರಲ್ಲಿ ಚಿಕಾಗೊ ವಿಶ್ವವಿದ್ಯಾಲಯ ಸೇರಿದ ಎ.ಕೆ. ರಾಮಾನುಜನ್ ಈ ವಸ್ತುವಿನ ಬಗ್ಗೆ ಯಾವ ಭಾಷೆಯಲ್ಲೂ ಮೀರಿಸಲು ಕಷ್ಟವಾದ ಒಂದು ಕಥೆಯನ್ನು ಕನ್ನಡದಲ್ಲಿ ಬರೆದರು. ಅದು 'ಅಣ್ಣಯ್ಯನ ಮಾನವಶಾಸ್ತ್ರ'. ಚಿಕಾಗೊಗೆ ಓದಲು ಹೋದ ಅಣ್ಣಯ್ಯ ಮೈಸೂರಿನಲ್ಲಿದ್ದಾಗ ಪಾಶ್ಚಾತ್ಯರ ಬಗ್ಗೆ ಓದುತ್ತಿದ್ದವನು. ಅಲ್ಲಿ ಹೋದ ಮೇಲೆ ಹಿಂದೂ ಧರ್ಮದ ಬಗ್ಗೆ ಅಮೆರಿಕನ್ನರು ಬರೆದ ಪುಸ್ತಕಗಳ ಹುಚ್ಚು ಹಿಡಿಯುತ್ತದೆ. ಲೈಬ್ರರಿಯಲ್ಲಿ ಹೊಸ ಪುಸ್ತಕವೊಂದು ಸಿಗುತ್ತದೆ: ಹಿಂದೂಗಳ ಆಚರಣೆ, ಸೂತಕ, ಸಂಸ್ಕಾರಗಳ ಮೇಲೆ. ಅದನ್ನು ಬರೆದ ಪಂಡಿತ ನೆನೆದಿರುವವರಲ್ಲಿ ತನ್ನದೇ ಬಳಗದ ಸುಂದರರಾಯ ಇರುವುದು ಕಂಡು ಖುಷಿಪಡುತ್ತಾನೆ. ಹಾಳೆ ತಿರುವುತ್ತ ಶವಸಂಸ್ಕಾರದ ಫೋಟೊ ಬರುತ್ತದೆ. ಮಲಗಿಸಿರುವ ಹೆಣ ಅವನ ಅಪ್ಪನದು. ಇನ್ನೊಂದು ಪುಟದಲ್ಲಿ ತಲೆಬೋಳಿಸಿಕೊಂಡ ವಿಧವೆಯ ಚಿತ್ರ. ಅವಳು ಅವನ ತಾಯಿ. ದೂರದಲ್ಲಿರುವವನಿಗೆ ಮನೆಯವರು ಸುದ್ದಿ ಮುಟ್ಟಿಸಿರುವುದಿಲ್ಲ. ಕರ್ಮವೆಲ್ಲ ಮುಗಿದು, ಅದರ ಚಿತ್ರ ಅಚ್ಚಾಗಿ, ಪುಸ್ತಕವಾಗಿ ಲೈಬ್ರರಿಯ ಕಪಾಟು ಸೇರಿರುತ್ತದೆ.

ಈ ಕಥೆಯನ್ನು ಸಾಮಾನ್ಯವಾಗಿ ವಿಡಂಬನೆ ಎಂದು ಕಲಿಸುತ್ತಾರೆ. ಪಾಶ್ಚಾತ್ಯ ಪಂಡಿತರ ಕಣ್ಣಿಂದ ತನ್ನನ್ನು ನೋಡಿಕೊಳ್ಳುವವನಿಗೆ ತಕ್ಕ ಶಾಸ್ತಿ ಎಂಬ ಧಾಟಿಯಲ್ಲಿ. ಅಷ್ಟಕ್ಕೇ ನಿಂತರೆ ಸುಂದರರಾಯ ತಪ್ಪಿಸಿಕೊಳ್ಳುತ್ತಾನೆ. ಅಣ್ಣಯ್ಯನ ಮನೆಯ ಸಾವಿಗೆ ಕ್ಯಾಮೆರಾ ಹಿಡಿದು ನಿಂತವನು, ಚಿತ್ರವನ್ನು ಅಮೆರಿಕನ್ನನಿಗೆ ಕೊಟ್ಟವನು, ಮಗನಿಗೆ ಒಂದು ಕಾಗದ ಬರೆಯದವನು ಅವನೇ ತಾನೆ? ಊರು ಅಣ್ಣಯ್ಯನನ್ನು ಮೊದಲು ಹೊರಗಿಟ್ಟಿತು, ಪ್ರೀತಿಯಿಂದಲೇ. ಅವನಿಗೆ ನೋವಾಗದಿರಲಿ ಎಂದು. ಹೊರಗೆ ಹೋದವನ ಸಂಸ್ಕೃತಿ ಸಡಿಲಾಗುವುದು ಅವನ ಕೈಯಿಂದ ಮಾತ್ರವಲ್ಲ, ಮನೆಯಲ್ಲಿ ಉಳಿದವರ ಕೈಯಿಂದಲೂ ಎಂದು ರಾಮಾನುಜನ್ ಅರಿತಿದ್ದರು. ವಿಶೇಷಾಂಕಗಳ ಅನಿವಾಸಿ ಕಥೆಗಳು ಈ ಕಡೆ ತಿರುಗಿ ನೋಡುವುದು ಕಡಿಮೆ; ಅಲ್ಲಿ ತಪ್ಪು ಯಾವತ್ತೂ ವಿಮಾನ ಹತ್ತಿದವನದೇ.

ಮುಚ್ಚಿಟ್ಟ ಸಾವಿನ ಇನ್ನೊಂದು ಕಥೆ ಮಾನ್ವಿ ಸೀಮೆಯವರದೇ ಇದೆ. ನುಗಡೋಣಿಯಲ್ಲಿ ಹುಟ್ಟಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಅಮರೇಶ ನುಗಡೋಣಿ ಅವರ 'ಸವಾರಿ' ಕಥೆಯನ್ನು ಗಿರೀಶ ಕಾಸರವಳ್ಳಿ 'ಕನಸೆಂಬೋ ಕುದುರೆಯನೇರಿ' ಎಂದು ಸಿನಿಮಾ ಮಾಡಿದರು. ವೈಜನಾಥ ಬಿರಾದಾರ ಅದರಲ್ಲಿ ಗುಂಡಿ ತೋಡುವ ಈರ್ಯ. ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಸಾವು ಖಂಡಿತ ಎಂಬ ನಂಬಿಕೆ ಅವನದು. ಒಂದು ದಿನ ಕನಸು ಬೀಳುತ್ತದೆ, ಗೌಡರ ಮನೆಗೆ ಓಡುತ್ತಾನೆ. ಯಾರೂ ಸತ್ತಿಲ್ಲ, ಹೋಗು ಎನ್ನುತ್ತಾರೆ. ಸಾವಾಗಿರುತ್ತದೆ, ಮುಚ್ಚಿಟ್ಟಿರುತ್ತಾರೆ. ಈರ್ಯನಿಗೆ ಊರು ತನ್ನದೆನ್ನಿಸುವುದೇ ಆ ಒಂದು ಕೆಲಸದಿಂದ, ಆ ಒಂದು ಕನಸಿನಿಂದ. ಅದನ್ನೇ ಸುಳ್ಳು ಮಾಡಿಬಿಟ್ಟರೆ ಅವನಿಗೆ ಉಳಿಯುವುದೇನು? ಪಾಸ್‌ಪೋರ್ಟ್ ಇಲ್ಲದೆ, ಊರ ಗಡಿಕಲ್ಲು ದಾಟದೆ ಅವನು ಪರದೇಶಿಯಾಗುತ್ತಾನೆ. ಎರಡೂ ಕಥೆಗಳನ್ನು ಒಂದೇ ವಾರದಲ್ಲಿ ಓದಿದವರಿಗೆ ಚಿಕಾಗೊ ಮತ್ತು ನುಗಡೋಣಿ ಒಂದೇ ಮಾತಾಡುತ್ತಿರುವುದು ಕೇಳಿಸುತ್ತದೆ.

ಮಾನ್ವಿಗೆ ಇನ್ನೂ ದೊಡ್ಡದೊಂದು ಕಥೆ ಬಾಕಿ ಇದೆ. ಹೊಸಪೇಟೆ ಬಳಿಯ ಅಣೆಕಟ್ಟೆಯಿಂದ ಐವತ್ತರ ದಶಕದಲ್ಲಿ ನೀರು ಹೊರಟಾಗ ಎಡದಂಡೆ ಕಾಲುವೆ ಒಣಬೇಸಾಯದ ಎರೆಭೂಮಿಗೆ ಬಂತು. ಜೋಳ, ಹತ್ತಿ ಬೆಳೆದು ಗೊತ್ತಿದ್ದ ರೈತರಿಗೆ ಕೆಸರು ಗದ್ದೆ ಗೊತ್ತಿರಲಿಲ್ಲ. ಮಟ್ಟ ಮಾಡಿಸುವ ದುಡ್ಡೂ ಇರಲಿಲ್ಲ. ಕರಾವಳಿ ಆಂಧ್ರದವರಿಗೆ ಗದ್ದೆಯೂ ಗೊತ್ತಿತ್ತು, ದುಡ್ಡೂ ಇತ್ತು. ಅಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹಲವು ಎಕರೆ. ಹಳ್ಳಿಯ ಹೊರಗೆ, ಕಾಲುವೆಯ ಪಕ್ಕ ಕ್ಯಾಂಪುಗಳು ಎದ್ದವು. ಮೂರು ತಲೆಮಾರು ಕಳೆದರೂ ಹೆಸರು ಮಾತ್ರ ಕ್ಯಾಂಪೇ. ರಾಯಚೂರಿನಿಂದ ಮಾನ್ವಿ, ಪೋತ್ನಾಳ ದಾಟಿ ಸಿಂಧನೂರಿನತ್ತ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಇಂದಿಗೂ ಆ ಹೆಸರೇ ಕೂಗಿ ಇಳಿಸುತ್ತಾನೆ. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಟ್ಯೂಷನ್ನಿನಲ್ಲಿ ಇಂಗ್ಲಿಷ್, ಆಳುಗಳೊಂದಿಗೆ ರಾಯಚೂರು ಕನ್ನಡ.

ಆ ಮನೆಗಳ ಮೊಮ್ಮಕ್ಕಳು ಹೈದರಾಬಾದಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಶಂಶಾಬಾದಿನಿಂದ ಅಮೆರಿಕದ ವಿಮಾನ ಹತ್ತುತ್ತಾರೆ. ಹಾಗೆ ಡಲ್ಲಾಸಿಗೆ ಇಳಿದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಅಲ್ಲಿ ತೆಲುಗರ ಸಂಘ 'ತಾನಾ' ಇದೆ, ಕನ್ನಡಿಗರ ಸಂಘ 'ಅಕ್ಕ' ಇದೆ. ಮೊದಲನೆಯವರಿಗೆ ಇವಳ ತೆಲುಗಿನಲ್ಲಿ ಕನ್ನಡ ಕೇಳಿಸುತ್ತದೆ. ಎರಡನೆಯವರು ಮನೆಮಾತು ಯಾವುದೆಂದು ವಿಚಾರಿಸುತ್ತಾರೆ. ಎಲ್ಲಿಯವಳು ಎಂದು ಬಿಳಿಯ ಸಹೋದ್ಯೋಗಿ ಕೇಳಿದರೆ ಇಂಡಿಯಾ ಎಂದರಾಯಿತು. ಕಷ್ಟವಾಗುವುದು ಭಾರತೀಯರು ಕೇಳಿದಾಗ. ಲಾಹಿರಿಯ ಎರಡನೇ ತಲೆಮಾರಿನ ಪಾತ್ರಗಳಿಗಿಂತ ಒಂದು ಸುತ್ತು ಹೆಚ್ಚಿನ ಸಿಕ್ಕು ಇದು, ಕನ್ನಡದ ಸಣ್ಣಕಥೆಯಲ್ಲಿ ಹುಡುಕಿದರೆ ಸುಲಭಕ್ಕೆ ಸಿಗದ್ದು.

ಕ್ಯಾಂಪಿನವರನ್ನು ಬರೀ ನೆಲೆ ಹುಡುಕಿದವರೆಂದು ಬರೆದರೂ ಅರ್ಧ ಸತ್ಯವೇ. ಹೊಲ ಮಾರಿದವನ ಮಕ್ಕಳು ಅದೇ ಹೊಲದಲ್ಲಿ ನಾಟಿಗೆ ಕೂಲಿ ಹೋದರು. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬಹುಮಟ್ಟಿಗೆ ಲಘು ನೀರಾವರಿ ಬೆಳೆಗೆ. ಮೇಲ್ಭಾಗದಲ್ಲಿ ಎಲ್ಲರೂ ಭತ್ತಕ್ಕಿಳಿದ ಮೇಲೆ ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆಭಾಗಕ್ಕೆ ನೀರು ಮುಟ್ಟುವುದೇ ಹೋರಾಟವಾಯಿತು. ಪ್ರತಿ ವರ್ಷ ಆ ರೈತರು ರಸ್ತೆ ತಡೆಯುತ್ತಾರೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಮೊದಲು ಎದೆ ಹಿಡಿದುಕೊಂಡವರೂ ಅವರೇ. ನೀರು ಬಾರದ ವರ್ಷ ಅವರು ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಒಬ್ಬ ವಲಸಿಗ ಊರಿದ್ದಕ್ಕೂ ಇನ್ನೊಬ್ಬ ಕಿತ್ತು ಹೊರಟದ್ದಕ್ಕೂ ನಡುವೆ ಒಂದು ತೂಬಿದೆ. ಬಾಸ್ಟನ್ನಿನ ಕಥೆಗಾರರಿಗೆ ಇಂಥ ವಸ್ತು ಸಿಕ್ಕಿಲ್ಲ.

ಪಕ್ಕದ ಸಿಂಧನೂರಿಗೆ ಹೋದರೆ ಲಾಹಿರಿ ಇನ್ನೂ ಹತ್ತಿರ ಬರುತ್ತಾರೆ. ಅವರ 'ವೆನ್ ಮಿಸ್ಟರ್ ಪಿರ್ಜಾದಾ ಕೇಮ್ ಟು ಡೈನ್' ಕಥೆ ನಡೆಯುವುದು 1971ರ ಚಳಿಗಾಲದ ಹೊಸ್ತಿಲಲ್ಲಿ. ಢಾಕಾದ ಸಸ್ಯವಿಜ್ಞಾನಿಯೊಬ್ಬ ಅಮೆರಿಕಕ್ಕೆ ಬಂದಿದ್ದಾನೆ. ಏಳು ಹೆಣ್ಣುಮಕ್ಕಳು, ಹೆಂಡತಿ ಅಲ್ಲೇ ಉಳಿದಿದ್ದಾರೆ. ಯುದ್ಧ. ದಿನವೂ ಸಂಜೆ ಹಿಂದೂ ಬಂಗಾಳಿ ಕುಟುಂಬವೊಂದರ ಮನೆಗೆ ಊಟಕ್ಕೆ ಬಂದು ಟಿವಿ ವಾರ್ತೆ ನೋಡುತ್ತಾನೆ. ಊಟಕ್ಕೆ ಮುಂಚೆ ಜೇಬಿನ ಗಡಿಯಾರ ತೆಗೆದು ಮೇಜಿನ ಮೇಲೆ ಇಡುತ್ತಾನೆ. ಅದು ತೋರಿಸುವುದು ಢಾಕಾದ ಸಮಯ. ಆ ಮನೆಯ ಹತ್ತು ವರ್ಷದ ಹುಡುಗಿ ಲಿಲಿಯಾಗೆ ಅವನೂ ತನ್ನ ಅಪ್ಪನೂ ಒಂದೇ ಭಾಷೆ ಆಡಿ, ಒಂದೇ ಊಟ ಉಣ್ಣುವಾಗ ಬೇರೆ ದೇಶದವರು ಹೇಗಾದರೆಂದು ತಿಳಿಯುವುದಿಲ್ಲ. ಶಾಲೆಯ ಲೈಬ್ರರಿಯಲ್ಲಿ ಅವಳು ಪಾಕಿಸ್ತಾನದ ಪುಸ್ತಕ ತೆರೆದರೆ ಟೀಚರು ಅಮೆರಿಕದ ಕ್ರಾಂತಿಯ ಪಾಠಕ್ಕೆ ಮರಳು ಎನ್ನುತ್ತಾರೆ.

ಪೂರ್ವ ಬಂಗಾಳದ ಅದೇ ಕೋಲಾಹಲ ಎತ್ತಿ ಒಗೆದ ನಿರಾಶ್ರಿತ ಹಿಂದೂ ಕುಟುಂಬಗಳನ್ನು ಎಪ್ಪತ್ತರ ದಶಕದಲ್ಲಿ ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಗೊಳಿಸಲಾಯಿತು. ಭತ್ತದ ನಡುವೆ ಮೀನಿನ ಹೊಂಡ, ದುರ್ಗಾಪೂಜೆಯ ಪೆಂಡಾಲು, ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು. ಇವರಲ್ಲಿ ಬಹಳ ಮಂದಿ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ 'ಪರಿಶಿಷ್ಟ ಜಾತಿ' ಎನಿಸಿಕೊಳ್ಳುವ ಅವರ ಜಾತಿ ಕರ್ನಾಟಕದ ಪಟ್ಟಿಯಲ್ಲಿಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಜಾರಿಯಾದ ಮೇಲೆ, ಅದೇ ವರ್ಷ ಇಲ್ಲಿನ ಕೆಲವರ ಕೈಗೆ ಪೌರತ್ವದ ಪ್ರಮಾಣಪತ್ರ ಬಂತು. ಲೆಕ್ಕ ಹಾಕಿ: ಐವತ್ತು ವರ್ಷದ ಬೇಸಾಯ, ಮಕ್ಕಳ ಮದುವೆ, ಮೊಮ್ಮಕ್ಕಳ ನಾಮಕರಣ, ಆಮೇಲೆ ಕಾಗದ. ಅಮೆರಿಕದಲ್ಲಿ ಗ್ರೀನ್ ಕಾರ್ಡಿನ ಸರದಿಗೆ ಕಾಯುವ ಬೆಂಗಳೂರಿನ ಎಂಜಿನಿಯರಿಗೆ ಈ ಅಂಕಿ ತಟ್ಟನೆ ಅರ್ಥವಾಗುತ್ತದೆ. ಯಾವುದೇ ಒಂದು ದೇಶದವರಿಗೆ ಶೇ 7ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬ ಮಿತಿಯಿಂದಾಗಿ ಭಾರತೀಯರ ಸರದಿ ದಶಕಗಳಷ್ಟು ಉದ್ದ. ಚಿಕ್ಕಂದಿನಲ್ಲೇ ಅಲ್ಲಿಗೆ ಹೋಗಿ ಬೆಳೆದ ಮಗು ಇಪ್ಪತ್ತೊಂದು ತುಂಬಿದೊಡನೆ ಅಪ್ಪನ ಅರ್ಜಿಯಿಂದ ಹೊರಬೀಳುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಟ್ರಂಪ್ ಘೋಷಿಸಿದ ಮೇಲಂತೂ, ತನ್ನ ಊರು ಯಾವುದೆಂಬ ಪ್ರಶ್ನೆ ನೆನಪಿನದ್ದೋ ಹಬ್ಬದ್ದೋ ಆಗಿ ಉಳಿದಿಲ್ಲ.

ಇನ್ನು ದೇವದುರ್ಗ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಇದೂ ಒಂದು, ಅದರಲ್ಲೂ ಪಟ್ಟಿಯ ತಳಭಾಗದ್ದು. ಸುಗ್ಗಿ ಮುಗಿದೊಡನೆ ಇಲ್ಲಿಂದ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ದಾರಿ ಹಿಡಿಯುವುದು ವರ್ಷದ ಪಂಚಾಂಗದಲ್ಲೇ ಸೇರಿಹೋಗಿದೆ. ಸಂಜೆ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಗಂಟುಮೂಟೆ, ಜೋಳದ ಹಿಟ್ಟಿನ ಚೀಲ, ರೊಟ್ಟಿಯ ಬುತ್ತಿ, ಒಂದು ಕೊಡ, ಕೌದಿ. ಮುದುಕರು, ಶಾಲೆಗೆ ಹೋಗುವ ದೊಡ್ಡ ಮಕ್ಕಳು ಉಳಿಯುತ್ತಾರೆ. ಮೊಲೆಹಾಲಿನ ಕೂಸು ಸೊಂಟದ ಮೇಲೆ ಹೋಗುತ್ತದೆ. "ದುಡ್ಯಾಕ ಹೊಂಟೇವ್ರಿ" ಎನ್ನುವುದಷ್ಟೇ ಮಾತು. ಮರಳುವುದು ಯುಗಾದಿಗೆ, ಇಲ್ಲವೆ ಮೊಹರಂಗೆ. ಅಲಾಯಿ ದೇವರು ಕೂಡುವ ದಿನ ಊರಿನಲ್ಲಿರಬೇಕು. ಈ ಜಿಲ್ಲೆಯಲ್ಲಿ ಅದಕ್ಕೆ ಹಿಂದೂ ಮುಸ್ಲಿಂ ಎಂಬ ಭೇದವಿಲ್ಲ. ದೀಪಾವಳಿಗೆ ಊರು ನೆನೆದು ಕಣ್ಣು ತುಂಬಿಕೊಳ್ಳುವ ಪಾತ್ರಗಳು ನಮ್ಮ ಕಥೆಗಳಲ್ಲಿ ಸಾಕಷ್ಟಿವೆ. ಮೊಹರಂಗೆ ರಜೆ ಕೊಡದ ಮೇಸ್ತ್ರಿಯ ಮುಂದೆ ನಿಂತವನು ಎಲ್ಲಿದ್ದಾನೆ?

ಬೆಂಗಳೂರಿನಲ್ಲಿ ಅವನು ಕಟ್ಟುವ ಅಪಾರ್ಟ್‌ಮೆಂಟುಗಳನ್ನು ಕೊಳ್ಳುವವರಲ್ಲಿ ಅನಿವಾಸಿಗಳೂ ಇದ್ದಾರೆ. ಒಂದೇ ಗೋಡೆಯ ಎರಡು ಬದಿಯಲ್ಲಿ ಇಬ್ಬರು ವಲಸಿಗರು. ಒಬ್ಬ ನೀಲಿ ತಾಡಪತ್ರಿಯ ಶೆಡ್ಡಿನಲ್ಲಿ, ಒಬ್ಬ ನ್ಯೂಜೆರ್ಸಿಯಲ್ಲಿ ಕೂತು ಇಎಂಐ ಕಟ್ಟುತ್ತ. ತನ್ನದೇ ರಾಜ್ಯದ ರಾಜಧಾನಿಯಲ್ಲಿ, ಕನ್ನಡವನ್ನೇ ಆಡುತ್ತ, ದೇವದುರ್ಗದವನು ಪರವೂರಿನವನು. ಅವನ ಭಾಷೆ ಕೇಳಿ ಮನೆಗೆಲಸದವರೂ ನಗುತ್ತಾರೆ. ಓಟು ಒಂದು ಕಡೆ, ಬದುಕು ಒಂದು ಕಡೆ. 2020ರ ಲಾಕ್‌ಡೌನಿನಲ್ಲಿ ಇದು ಬೆತ್ತಲಾಯಿತು. ಆ ಮೇ ಮೊದಲ ವಾರದಲ್ಲಿ ಎರಡು ಬಗೆಯ ಘರ್‌ವಾಪಸಿ ಏಕಕಾಲಕ್ಕೆ ನಡೆದವು: ವಿದೇಶದಲ್ಲಿದ್ದವರನ್ನು ಕರೆತರಲು 'ವಂದೇ ಭಾರತ್ ಮಿಷನ್' ವಿಮಾನಗಳು ಹೊರಟವು, ಉತ್ತರ ಕರ್ನಾಟಕದ ಕಾರ್ಮಿಕರು ಮೆಜೆಸ್ಟಿಕ್ಕಿನಲ್ಲಿ, ಮೊದಲು ದುಪ್ಪಟ್ಟು ದರ ಕೇಳಿಸಿಕೊಂಡು, ಗಲಾಟೆಯಾದ ಮೇಲೆ ಉಚಿತ ಬಸ್ಸಿಗೆ ಕಾದರು. ಊರು ಮುಟ್ಟಿದವರನ್ನು ಎಷ್ಟೋ ಹಳ್ಳಿಗಳು ಬೇಲಿ ಹಚ್ಚಿ ತಡೆದವು. ಅಣ್ಣಯ್ಯನಿಗೆ ಆದದ್ದು ಇಲ್ಲಿ ಮುಳ್ಳುಕಂಟಿಯ ರೂಪದಲ್ಲಿ ಬಂತು.

ಈ ಹೋಲಿಕೆ ಕೆಲವರಿಗೆ ಹಿಡಿಸುವುದಿಲ್ಲ. ಡಾಲರು ಎಣಿಸುವವನ ಹಳಹಳಿಯನ್ನೂ ಕೂಲಿಯವನ ಹೊಟ್ಟೆಪಾಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯವೆನ್ನುತ್ತಾರೆ. ತೂಗಿ ಸಮ ಎನ್ನುವುದಕ್ಕಲ್ಲ ಈ ಮಾತು. ಪಕ್ಕಪಕ್ಕ ಇಟ್ಟು ಓದಿದರೆ ಎರಡೂ ಕಡೆಯ ಸುಳ್ಳು ಉದುರುತ್ತದೆ, ಅದು ಮುಖ್ಯ. ಗುಳೆಯ ಕಥೆಗಳಲ್ಲಿ ಹಸಿವು ಬಿಟ್ಟರೆ ಬೇರೇನೂ ಇರಬಾರದೆಂಬ ಹಟ ನಮ್ಮದು. ಕೂಲಿಯವನಿಗೂ ಹಾಡು, ದೇವರು, ಮಗಳ ಹೆಸರಿನ ಬಗ್ಗೆ ಹೆಂಡತಿಯೊಂದಿಗೆ ಜಗಳ ಇರುತ್ತವೆ. ಅನಿವಾಸಿ ಕಥೆಗಳಲ್ಲಿ ದುಡ್ಡಿನ ಮಾತೇ ಬರಬಾರದು. ಅಲ್ಲಿ ಎಲ್ಲರಿಗೂ ಬರೀ ನೆನಪು.

ಈ ಎರಡು ಚೌಕಟ್ಟನ್ನೂ ಮುರಿದವರು ಕನ್ನಡದಲ್ಲೇ ಇದ್ದಾರೆ. ಮಿನೆಸೊಟಾದಲ್ಲಿ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆ 'ನಿರ್ಗುಣ', 'ಶಕುಂತಳಾ' ಸಂಕಲನಗಳ ಮೂಲಕ ಬಂದವರು. ಅವರ ಕಾದಂಬರಿ 'ಹಿಜಾಬ್' 2017ರದು. ಸಣ್ಣ ಊರೊಂದರ ಆಸ್ಪತ್ರೆಯಲ್ಲಿ ಆಫ್ರಿಕಾದಿಂದ ಬಂದ ಮುಸ್ಲಿಂ ನಿರಾಶ್ರಿತ ಮಹಿಳೆಯರು ಸಿಸೇರಿಯನ್ ಒಲ್ಲೆ ಎನ್ನುತ್ತಾರೆ. ಎದುರು ನಿಂತ ವೈದ್ಯರು ಭಾರತೀಯರು, ತಾವೂ ಹೊರಗಿನವರೇ. ಸಂಸ್ಕೃತಿ ಎಂಬ ಮಾತನ್ನು ಇಲ್ಲಿ ಯಾರೂ ಪುಕ್ಕಟೆ ಆಡುವಂತಿಲ್ಲ, ಒಂದು ಕೂಸಿನ ಜೀವ ನಡುವೆ ಇದೆ. ಅಮೆರಿಕದಲ್ಲಿ ತರಬೇತಿ ಮುಗಿಸಿದ ವಿದೇಶಿ ವೈದ್ಯರಿಗೆ, ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿದರೆ ಅಲ್ಲೇ ಉಳಿಯಲು ದಾರಿ ಮಾಡಿಕೊಡುವ ನಿಯಮವಿದೆ. ಹೀಗೆ ಕರ್ನಾಟಕದ ವೈದ್ಯರು ಅಮೆರಿಕದ ಹಳ್ಳಿಗಾಡಿಗೆ ಹೋಗುತ್ತಾರೆ. ಇತ್ತ ಕರ್ನಾಟಕ 2012ರಲ್ಲಿ ಕಡ್ಡಾಯ ಗ್ರಾಮೀಣ ಸೇವೆಯ ಕಾಯ್ದೆ ಮಾಡಿದ್ದರೂ, ಏಮ್ಸ್ ಬೇಕೆಂದು ರಾಯಚೂರಿನಲ್ಲಿ 2022ರಿಂದ ಧರಣಿ ಕೂರಬೇಕಾಯಿತು. ಇದನ್ನು ಕಥೆಯಾಗಿ ಬರೆದರೆ ಉತ್ಪ್ರೇಕ್ಷೆ ಎಂದಾರು.

ಅಮೆರಿಕದ ಕನ್ನಡ ಕಥೆ ಇನ್ನೂ ಮೈಮುಟ್ಟಿ ಬರೆಯದ ಸಂಗತಿ ಜಾತಿ. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಲ್ಲೇ ನಿಷೇಧಿಸಿತು. ಕ್ಯಾಲಿಫೋರ್ನಿಯಾದ ಅಂಥದೇ ಮಸೂದೆಗೆ ಅದೇ ವರ್ಷದ ಅಕ್ಟೋಬರಿನಲ್ಲಿ ಗವರ್ನರ್ ಸಹಿ ಹಾಕಲಿಲ್ಲ. ಎರಡರ ಸುತ್ತಲೂ ಭಾರತೀಯರೇ ಎರಡು ಪಾಳೆಯವಾಗಿ ಕಾದಾಡಿದರು. ಸಂಸ್ಕೃತಿಯನ್ನು ಹೊತ್ತು ತಂದೆವು ಎನ್ನುವವರ ಮೂಟೆಯಲ್ಲಿ ಏನೇನಿತ್ತು ಎಂದು ಬಿಚ್ಚಿ ನೋಡುವ ಕಥೆಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ನೀರಮಾನ್ವಿಯ ರಾಜಶೇಖರ ನೀರಮಾನ್ವಿ, ನುಗಡೋಣಿಯ ಅಮರೇಶರಂಥ ಕಥೆಗಾರರನ್ನು ಕೊಟ್ಟ ಈ ಸೀಮೆಗೆ ಊರಿನೊಳಗಿನ ಅಂತರ ಅಳೆದು ಗೊತ್ತು. ಆ ಕಸುಬನ್ನು ಕಲಿತ ಹುಡುಗ ಹುಡುಗಿಯರು ಈಗ ಸಿಯಾಟಲ್ಲಿನಲ್ಲೂ ಇದ್ದಾರೆ.

ರಾಯಚೂರಿಗೆ ತನ್ನದೇ ವಿಶ್ವವಿದ್ಯಾಲಯ ಬಂದು ಹೆಚ್ಚು ವರ್ಷವಾಗಿಲ್ಲ. ಪಠ್ಯ ಇನ್ನೂ ಕಲ್ಲಾಗಿರುವುದಿಲ್ಲ ಎಂದು ಆಶಿಸಬಹುದು. ಅಲ್ಲಿನ ಕನ್ನಡ ವಿಭಾಗದವರು ವಲಸೆಯ ಕಥೆಗಳನ್ನು ಒಂದೇ ಪತ್ರಿಕೆಯಾಗಿ ಇಡಲಿ: 'ಅಣ್ಣಯ್ಯನ ಮಾನವಶಾಸ್ತ್ರ', 'ಸವಾರಿ', ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳಲ್ಲಿ ಒಂದೆರಡು, ಕಾಗಿನೆಲೆಯವರದೊಂದು, ಲಾಹಿರಿಯ ಪಿರ್ಜಾದಾ. ಅನಿವಾಸಿ, ಗುಳೆ, ಕ್ಯಾಂಪು ಎಂದು ಮೂರು ಕಪಾಟು ಮಾಡುವುದು ಬೇಡ. ಮಾನ್ವಿ, ದೇವದುರ್ಗದ ಪದವಿ ಕಾಲೇಜುಗಳಲ್ಲಿ ಒಂದು ಕಥಾಕಮ್ಮಟವನ್ನು ಗುಳೆಗೆ ಹೋಗಿಬಂದ ಮನೆಗಳ ಮಕ್ಕಳಿಗಾಗಿ, ಇನ್ನೊಂದನ್ನು ಕ್ಯಾಂಪುಗಳ ಮಕ್ಕಳಿಗಾಗಿ ನಡೆಸಲು ದೊಡ್ಡ ಖರ್ಚೇನೂ ಇಲ್ಲ. 2016ರ ಡಿಸೆಂಬರಿನಲ್ಲಿ ಇದೇ ನಗರ 82ನೇ ಸಾಹಿತ್ಯ ಸಮ್ಮೇಳನದ ಊಟೋಪಚಾರವನ್ನೇ ನಿಭಾಯಿಸಿದೆ. ಕುವೆಂಪು ಭಾಷಾ ಭಾರತಿ ಪ್ರಾಧಿಕಾರದವರದೂ ಒಂದು ಕೆಲಸವಿದೆ: ಬಂಗಾಳಿ ಸಾಹಿತ್ಯ ಕನ್ನಡಕ್ಕೆ ಹಲವು ಸಲ ಹಿಂದಿ, ಇಂಗ್ಲಿಷಿನ ಮೂಲಕ ಸುತ್ತಿ ಬರುತ್ತದೆ, ಮನೆಯಲ್ಲಿ ಬಂಗಾಳಿ ಆಡಿ ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವರು ಸಿಂಧನೂರಿನ ಕ್ಯಾಂಪುಗಳಲ್ಲಿದ್ದಾರೆ. ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣ ಅಷ್ಟೆ, ಹೋಗಿ ಕೇಳಬಹುದು.